ಆಟದ ಬಸ್ಸಿನಲ್ಲಿ ಆನೆಗೆ ಕೆಲಸ ಹೋದದ್ದು

ನಮ್ಮ ಆನೆಯ ನೌಕರಿ ಹೋದದ್ದು ಒಂದು ಗುರುವಾರ ಮಧ್ಯಾಹ್ನ ಮೂರೂ ಕಾಲಿಗೆ. ಗಡಿಯಾರ ರಿಪೇರಿ ಮಾಡುವವನಾದ್ದರಿಂದ ಇಂಥ ವಿಷಯದಲ್ಲಿ ನಾನು ತಪ್ಪುವುದಿಲ್ಲ. ಅದು ನಿಜವಾದ ನೌಕರಿಯಲ್ಲ, ವಿಡಿಯೋ ಗೇಮಿನೊಳಗಿನ ನೌಕರಿ ಎಂದು ನಾವು ಎಷ್ಟು ಸಲ ಹೇಳಿದರೂ ಅವನಿಗೆ ಸಮಾಧಾನವಾಗಲಿಲ್ಲ. "ಕೆಲಸದಿಂದ ತೆಗೆದ್ರು ಅಂದ್ರೆ ತೆಗೆದ್ರು ಕಣೋ. ಒಳಗಡೆ ಏನು, ಹೊರಗಡೆ ಏನು?" ಎಂದು ಮೂತಿ ಊದಿಸಿಕೊಂಡ.

ಆನೆ ನನ್ನ ಬಾಲ್ಯದ ಗೆಳೆಯ. ಎರಡನೇ ಕ್ಲಾಸಿನಲ್ಲೇ ಬೆಂಚಿನ ತುಂಬ ಒಬ್ಬನೇ ಕೂರುತ್ತಿದ್ದುದರಿಂದ ಆ ಹೆಸರು. ಈಗ ಅವನು ಬಸ್ ಡ್ರೈವರ್. ಆಸ್ಪತ್ರೆಯಿಂದ ಹಳೇ ಸೇತುವೆಯವರೆಗಿನ ಒಂದೇ ರೂಟಿನಲ್ಲಿ ಇಪ್ಪತ್ತಮೂರು ವರ್ಷ ಓಡಿಸಿದ್ದಾನೆ. ಒಂದು ಅಪಘಾತವಿಲ್ಲ, ಒಂದು ದೂರಿಲ್ಲ. ನಮ್ಮ ಮೂರನೆಯವಳು ದವಡೆ. ಅವಳು ಹಲ್ಲಿನ ಡಾಕ್ಟರ್. ಆದರೆ ಆ ಹೆಸರು ಡಾಕ್ಟರ್ ಆದಮೇಲೆ ಬಂದದ್ದಲ್ಲ. ಶಾಲೆಯಲ್ಲಿ ಅವಳ ಬಾಯಿ ಒಂದು ಗಳಿಗೆಯೂ ಮುಚ್ಚುತ್ತಿರಲಿಲ್ಲ. ನನ್ನನ್ನು ಇಬ್ಬರೂ ಮುಳ್ಳು ಎನ್ನುತ್ತಾರೆ. ಗಡಿಯಾರದ ಮುಳ್ಳು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಪ್ರತಿ ಗುರುವಾರ ಮಧ್ಯಾಹ್ನ ದವಡೆಯ ಕ್ಲಿನಿಕ್ಕಿಗೆ ರಜೆ, ಆನೆಯ ಪಾಳಿ ಎರಡಕ್ಕೆ ಮುಗಿಯುತ್ತದೆ, ನನ್ನ ಅಂಗಡಿಗೆ ಹೇಗೂ ಗಿರಾಕಿ ಬರುವುದಿಲ್ಲ. ಹೀಗಾಗಿ ಮೂವರೂ ನನ್ನ ಅಂಗಡಿಯಲ್ಲಿ ಸೇರುತ್ತೇವೆ. ಗೋಡೆಯ ಮೇಲೆ ಮೂವತ್ತು ಗಡಿಯಾರ ಮೂವತ್ತು ಬೇರೆ ಬೇರೆ ಹೊತ್ತು ತೋರಿಸುತ್ತಿರುತ್ತವೆ. ಕೆಳಗೆ ನಾವು ಜಗಳವಾಡುತ್ತಿರುತ್ತೇವೆ.

ಆ ಗುರುವಾರದ ಜಗಳ ಮೇಕೆಯದ್ದು. ನಾವು ಚಿಕ್ಕವರಿದ್ದಾಗ ನಮ್ಮ ಬೀದಿಯ ಲಾಂಡ್ರಿ ಅಂಗಡಿಯಲ್ಲಿ, ಇಸ್ತ್ರಿ ಮೇಜಿನ ಪಕ್ಕ, ಬೀರುವಿನಷ್ಟು ದೊಡ್ಡ ಒಂದು ವಿಡಿಯೋ ಗೇಮ್ ಮಷೀನ್ ಇತ್ತು. ಅದರಲ್ಲಿ ಒಂದು ಮೇಕೆ. ಅದು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ, ಒಣಗಲು ಹಾಕಿದ ಬಟ್ಟೆ ತಿನ್ನುತ್ತ ಹೋಗಬೇಕು. ಆಡಿಸಲು ಒಂದು ಕೋಲು, ಒತ್ತಲು ಒಂದು ಗುಂಡಿ, ಅಷ್ಟೆ. ತಪ್ಪಿ ಬಿದ್ದರೆ ಮೇಕೆ ನಾಲ್ಕೂ ಕಾಲು ಮೇಲೆ ಮಾಡಿ "ಬ್ಯಾಆಆ" ಎನ್ನುತ್ತಿತ್ತು. ಒಂದು ಗಂಟು ಬಟ್ಟೆ ಒಗೆಯಲು ತಂದ ಮಕ್ಕಳಿಗೆ ಲಾಂಡ್ರಿಯವರು ಒಂದು ಆಟ ಆಡಲು ಬಿಡುತ್ತಿದ್ದರು. ದವಡೆ ತನ್ನ ಮೂವರು ಅಣ್ಣಂದಿರ ಒಗೆದ ಅಂಗಿಗಳನ್ನೇ ಮತ್ತೆ ಮಣ್ಣಲ್ಲಿ ಹೊರಳಿಸಿ ತರುತ್ತಿದ್ದಳು. ಅವಳಷ್ಟು ಮುಂದೆ ಮೇಕೆಯನ್ನು ಇನ್ಯಾರೂ ಕರೆದೊಯ್ದಿಲ್ಲ.

"ಒಂಬತ್ತನೇ ಮಾಳಿಗೇಲಿ ಒಂದು ಗುಲಾಬಿ ಲಂಗ ಇತ್ತು. ಅದನ್ನ ತಿಂದ್ರೆ ಇನ್ನೊಂದು ಜೀವ ಸಿಗೋದು," ಎಂದ ಆನೆ.

"ಲಂಗ ಅಲ್ಲ, ಟವಲ್ಲು," ಎಂದಳು ದವಡೆ.

"ಟವಲ್ಲಿಗೆ ಲಾಡಿ ಇರುತ್ತಾ ಏನೇ?"

"ನಿನಗೆ ಲಾಡಿ ಕಾಣಿಸೋಕೆ ನೀನು ಒಂಬತ್ತನೇ ಮಾಳಿಗೆ ತನಕ ಎಲ್ಲೋ ಬಂದಿದ್ದೆ? ನಿನ್ನ ಮೇಕೆ ಮೂರನೇದ್ರಲ್ಲೇ ಸೊಂಟ ಮುರ್ಕೊಂಡು ಬಿದ್ದಿರೋದು!"

ಆನೆ ಮಾತು ಬದಲಿಸಿದ. "ಏನೇ ಅನ್ನು, ಆಟ ಅಂದ್ರೆ ಅದು. ಗುಂಡಿ ಒತ್ತಿದ್ರೆ ಹಾರ್ತಿತ್ತು. ಈಗಿನವು ಆಟಾನಾ? ಮೊನ್ನೆ ಡಿಪೋದಲ್ಲಿ ಒಬ್ಬ ಮೊಬೈಲಲ್ಲಿ ಆಡ್ತಿದ್ದ. ಏನು ಮಾಡ್ತಿದೀಯೋ ಅಂತ ಕೇಳಿದ್ರೆ, ಟೊಮ್ಯಾಟೋ ಬೆಳೀಲಿ ಅಂತ ಕಾಯ್ತಿದೀನಿ ಅಂದ. ಎಷ್ಟು ಹೊತ್ತು ಅಂದೆ. ನಾಳೆ ಬೆಳಿಗ್ಗೆ ಅಂದ! ಅಷ್ಟು ಹೊತ್ತಿಗೆ ನಿಜವಾದ್ದೇ ಮೊಳಕೆ ಒಡೀತಿತ್ತು."

"ನೋಡ್ದೆ ಮಾತಾಡ್ಬೇಡ. ಎದ್ದೇಳು," ಎಂದಳು ದವಡೆ.

ತನ್ನ ಕ್ಲಿನಿಕ್ಕಿನಲ್ಲಿ ಕಾಯುವವರು ನೋವು ಮರೆಯಲಿ ಎಂದು ಅವಳು ಆ ತಿಂಗಳು ಹೊಸದೊಂದು ಗೇಮ್ ಪೆಟ್ಟಿಗೆ ತಂದು ಟಿವಿಗೆ ಜೋಡಿಸಿದ್ದಳು. ಹೋದೆವು. ಗೋಡೆಯಗಲದ ಟಿವಿ, ಎದುರಿಗೆ ಉದ್ದನೆಯ ಬೆಂಚು, ಮೂಲೆಯಲ್ಲಿ ಕುರ್ಚಿಯಷ್ಟು ದೊಡ್ಡ ಪ್ಲಾಸ್ಟಿಕ್ ಹಲ್ಲು. ದವಡೆ ಬೇಕೆಂತಲೇ ಬಸ್ ಓಡಿಸುವ ಆಟವನ್ನು ಆರಿಸಿದಳು. ಆನೆ ಹೊಟ್ಟೆ ಕುಲುಕಿಸಿ ನಕ್ಕ.

"ನನಗೆ ಬಸ್ಸು? ಮೀನಿಗೆ ಈಜು ಕಲಿಸ್ತೀಯಾ ತಾಯಿ?"

ಮೊದಲ ಇಪ್ಪತ್ತು ನಿಮಿಷ ಆಟ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಂಡಿತು. ಆಮೇಲೆ ಡ್ರೈವರಿನ ಮುಖ ಆರಿಸಿ ಎಂದಿತು. ಮೂಗಿನಲ್ಲೇ ನಲವತ್ತು ಬಗೆ. ಆನೆ ಮೀಸೆ ಹುಡುಕುತ್ತ ಹತ್ತು ನಿಮಿಷ ಕಳೆದ. ಆಮೇಲೆ ಹೆಸರು ಕೇಳಿತು. "ಆನೆ" ಎಂದು ಬರೆದರೆ, ಆ ಹೆಸರು ಈಗಾಗಲೇ ಬಳಕೆಯಲ್ಲಿದೆ, "ಆನೆ 4417" ಆಗಬಹುದೇ ಎಂದಿತು.

"ಅಂದ್ರೆ ನನಗಿಂತ ಮುಂಚೆ ನಾಲ್ಕು ಸಾವಿರದ ನಾನೂರ ಹದಿನಾರು ಆನೆಗಳು ಬಸ್ ಓಡಿಸಿವೆಯಾ?" ಎಂದು ಅವನು ಕಣ್ಣರಳಿಸಿದ.

ಕೊನೆಗೂ ಬಸ್ಸು ಹೊರಟಿತು. ಆನೆಯ ಕೈಯಲ್ಲಿ ಅಂಗೈಯಗಲದ ಕಂಟ್ರೋಲರ್. ಅದನ್ನು ಅವನು ಸ್ಟೇರಿಂಗಿನಂತೆ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದ. ಬಸ್ಸು ನೆಟ್ಟಗೇ ಹೋಯಿತು. ಗೇರ್ ಹಾಕಲು ಪಕ್ಕಕ್ಕೆ ಕೈ ಚಾಚಿ ನೀರಿನ ಜಗ್ಗನ್ನು ಉರುಳಿಸಿದ. ಬ್ರೇಕ್ ಎಂದು ನನ್ನ ಕಾಲಿನ ಮೇಲೆ ತನ್ನ ಬಲಗಾಲನ್ನು ಜೋರಾಗಿ ಊರಿದ. ನಾನು ಕೂಗಿದೆ, ಬಸ್ಸು ನಿಲ್ಲಲಿಲ್ಲ. ಹೇಗೋ ಒಂದು ಸ್ಟಾಪಿನಲ್ಲಿ ನಿಲ್ಲಿಸಿದ. ಜನ ಹತ್ತಿದರು. ಅಷ್ಟರಲ್ಲಿ ದೂರದಿಂದ ಒಬ್ಬ ಸೂಟ್‌ಕೇಸ್ ಹಿಡಿದು ಓಡಿ ಬರುತ್ತಿದ್ದುದು ಕಂಡಿತು.

"ಪಾಪ, ಬರ್ಲಿ," ಎಂದು ಆನೆ ಕಾದ.

ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ಅಂಕ ಇಳಿಯತೊಡಗಿತು. ವಿಳಂಬ, ಮೈನಸ್ ಹತ್ತು. ವಿಳಂಬ, ಮೈನಸ್ ಹತ್ತು. ಸೂಟ್‌ಕೇಸಿನವನು ಬಸ್ಸಿನ ಹತ್ತಿರ ಬಂದು, ಹತ್ತದೆ, ಹಾಗೇ ಮುಂದೆ ಓಡಿಹೋದ. ಆಟದವರು ಅವನನ್ನು ಇಟ್ಟದ್ದೇ ಹಾಗೆ ಓಡುತ್ತಿರಲಿ ಎಂದಂತೆ. ಆನೆಗೆ ಸಿಟ್ಟು ಬಂದು, ಕಿಟಕಿ ಇದೆಯೆಂದುಕೊಂಡು ಗಾಳಿಯಲ್ಲಿ ತಲೆ ಹೊರಗೆ ಹಾಕಿ, "ಏಯ್ ಸ್ವಾಮಿ! ಮೊದ್ಲೇ ಹೇಳ್ಬಾರ್ದಾ?" ಎಂದು ಗದರಿದ. ಆ ಗಡಿಬಿಡಿಯಲ್ಲಿ ಬಸ್ಸು ವೃತ್ತ ಹತ್ತಿ ಕಾರಂಜಿಯೊಳಗೆ ಇಳಿಯಿತು.

ಸಂಗೀತ ನಿಂತಿತು. "ಆನೆ 4417, ನಿಮ್ಮನ್ನು ಕೆಲಸದಿಂದ ತೆಗೆದುಹಾಕಲಾಗಿದೆ. ನೀವು ಈ ವೃತ್ತಿಗೆ ಯೋಗ್ಯರಲ್ಲ" ಎಂದು ಪರದೆ ತೋರಿಸಿತು. ಹೊರಟು ನಾಲ್ಕು ನಿಮಿಷವೂ ಆಗಿರಲಿಲ್ಲ.

ದವಡೆ ನಕ್ಕು ನಕ್ಕು ಬೆಂಚಿನಿಂದ ಜಾರಿ ಕೆಳಗೆ ಕೂತಳು. ನಾನೂ ಕಾಲು ಉಜ್ಜಿಕೊಳ್ಳುತ್ತಲೇ ನಕ್ಕೆ. ಆನೆ ನಗಲಿಲ್ಲ. ಕಂಟ್ರೋಲರನ್ನು ಮೆಲ್ಲಗೆ ಪ್ಲಾಸ್ಟಿಕ್ ಹಲ್ಲಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮಾರನೇ ದಿನ ಎರಡು ಗಂಟೆಗೆ, ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ಅವನು ಕ್ಲಿನಿಕ್ಕಿಗೆ ಬಂದನಂತೆ. ಊಟದ ವಿರಾಮ, ರೋಗಿಗಳಿಲ್ಲ. "ಒಂದ್ಸಲ ಕೊಡೇ," ಎಂದನಂತೆ. ಅದರ ಮಾರನೇ ದಿನವೂ ಬಂದ. ಮೂರು ವಾರ ದಿನಾ ಎರಡರಿಂದ ನಾಲ್ಕರವರೆಗೆ ಆ ಬೆಂಚಿನ ಮೇಲೆ ಕೂತು ಆಟದ ಬಸ್ಸು ಓಡಿಸಿದ. ಬೇಗ ಬಂದ ರೋಗಿಗಳು ಹಿಂದೆ ನಿಂತು, ಊದಿದ ಕೆನ್ನೆ ಹಿಡಿದುಕೊಂಡೇ, "ಎಡಕ್ಕೆ, ಎಡಕ್ಕೆ" ಎನ್ನುತ್ತಿದ್ದರಂತೆ. ಇದನ್ನೆಲ್ಲ ದವಡೆ ನನಗೆ ಫೋನಿನಲ್ಲಿ ವರದಿ ಮಾಡುತ್ತಿದ್ದಳು.

ಅವನು ಕಲಿತ. ಯಾರಿಗೂ ಕಾಯಬಾರದೆಂದು ಕಲಿತ. ಬಾಗಿಲು ಆರು ಸೆಕೆಂಡಿಗಿಂತ ಹೆಚ್ಚು ತೆರೆದಿರಬಾರದೆಂದು ಕಲಿತ. ಸೂಟ್‌ಕೇಸಿನವನು ಓಡಿ ಬರುವುದು ಕಂಡರೆ ತಿರುಗಿಯೂ ನೋಡಬಾರದೆಂದು ಕಲಿತ. ಮೂರನೇ ವಾರದ ಬುಧವಾರ ಅವನಿಗೆ "ವರ್ಷದ ಚಾಲಕ" ಎಂಬ ಚಿನ್ನದ ನಕ್ಷತ್ರ ಬಂತು. ದವಡೆ ಅದರ ಫೋಟೋ ಕಳಿಸಿದಳು. ಪರದೆಯ ಪಕ್ಕದಲ್ಲಿ ಆನೆ, ಮದುವೆ ದಿನವೂ ಅಷ್ಟು ಅಗಲವಾಗಿ ನಕ್ಕಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ನಾನು ಸೇತುವೆಯ ಆಚೆ ಒಬ್ಬರ ಮನೆಗೆ ಒಂದು ದೊಡ್ಡ ಗೋಡೆ ಗಡಿಯಾರ ತಲುಪಿಸಬೇಕಿತ್ತು. ಲೋಲಕದ ಗಡಿಯಾರ, ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಸ್ಟಾಪಿನತ್ತ ನಡೆಯುತ್ತಿದ್ದೆ. ಆನೆಯ ಬಸ್ಸು ಬಂದು ನಿಂತಿತು. ಇನ್ನು ಇಪ್ಪತ್ತು ಹೆಜ್ಜೆ. ನಾನು ಓಡಿದೆ. ಬಸ್ಸಿನ ಪಕ್ಕದ ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣನ್ನು ಸಂಧಿಸಿತು. ನಾನು ನಕ್ಕೆ. ಬಾಗಿಲು ಸುಂಯ್ ಎಂದು ಮುಚ್ಚಿಕೊಂಡಿತು. ಬಸ್ಸು ಹೋಯಿತು.

ನಾನು ರಸ್ತೆಯ ಮಧ್ಯೆ ಬಾಯಿ ಬಿಟ್ಟುಕೊಂಡು ನಿಂತೆ. ಅದೇ ಗಳಿಗೆಗೆ ಸರಿಯಾಗಿ, ಓಟದ ಕುಲುಕಾಟಕ್ಕೋ ಏನೋ, ತೋಳಿನಲ್ಲಿದ್ದ ಗಡಿಯಾರ ಢಣ್ ಢಣ್ ಎಂದು ಎಂಟು ಹೊಡೆಯಿತು. ಸ್ಟಾಪಿನಲ್ಲಿದ್ದ ನಾಯಿಯೊಂದು ಎದ್ದು ದೂರ ಹೋಗಿ ಮಲಗಿತು.

ನಾನೊಬ್ಬನೇ ಅಲ್ಲ. ನರ್ಸ್ ಒಬ್ಬರು, ಬ್ಯಾಂಕಿನ ಇಬ್ಬರು ಗುಮಾಸ್ತರು, ಕೋಲೂರಿಕೊಂಡು ಬರುವ ಒಬ್ಬ ಅಜ್ಜಿ, ಎಲ್ಲರೂ ಆ ವಾರ ಬಸ್ಸು ತಪ್ಪಿಸಿಕೊಂಡಿದ್ದರು. ಸ್ಟಾಪಿನಲ್ಲಿ ಒಬ್ಬರನ್ನೊಬ್ಬರು ನೋಡಿ ತಲೆ ಅಲ್ಲಾಡಿಸುತ್ತಿದ್ದರು.

ಮಧ್ಯಾಹ್ನ ಅಂಗಡಿಗೆ ಬಂದದ್ದು ಆನೆಯಲ್ಲ, ಅವನ ಹೆಂಡತಿ. ಅವಳನ್ನು ನಾನು ಅತ್ತಿಗೆ ಎನ್ನುತ್ತೇನೆ. ಶಾಲೆಯಲ್ಲಿ ಗಣಿತ ಕಲಿಸುವವಳು. ಸುಮ್ಮನೆ ಕೋಪ ಮಾಡಿಕೊಳ್ಳುವವಳಲ್ಲ. ದವಡೆ ಆಗಲೇ ಬಂದು ಕೂತಿದ್ದಳು. ಅತ್ತಿಗೆ ಕೈಚೀಲವನ್ನು ದೊಪ್ಪೆಂದು ಮೇಜಿನ ಮೇಲಿಟ್ಟಳು.

"ನಿಮ್ಮ ಸ್ನೇಹಿತರಿಗೆ ಏನು ತಿನ್ನಿಸಿದೀರಾ ನೀವಿಬ್ಬರು?"

"ಏನಾಯ್ತು ಅತ್ತಿಗೆ?"

"ಊಟ ಎರಡು ನಿಮಿಷ ತಡ ಆದ್ರೆ 'ಮೈನಸ್ ಹತ್ತು' ಅಂತಾರೆ. ಲೈಟ್ ಆರಿಸೋದು ಮರೆತ್ರೆ 'ಮೈನಸ್ ಐದು'. ನಿನ್ನೆ ನಮ್ಮತ್ತೆ ಸೀನಿದ್ರು, ಅದಕ್ಕೂ ಕಳೆದ್ರು! ಅವರು ಎಪ್ಪತ್ತೆಂಟು ವರ್ಷದವರು, ಈಗ ಮೈನಸ್ ನೂರ ನಲವತ್ತರಲ್ಲಿದ್ದಾರೆ. ಅದು ಸಾಲದು ಅಂತ ಇವತ್ತು ಡಿಪೋದಿಂದ ಕರೆ ಬಂದಿದೆ. ಒಂದೇ ವಾರದಲ್ಲಿ ಹನ್ನೊಂದು ದೂರು."

"ತಡವಾಗಿ ಓಡಿಸ್ತಿದಾನಾ?" ಎಂದೆ.

"ಅಯ್ಯೋ, ಅಲ್ಲ! ಸರಿಯಾದ ಸಮಯಕ್ಕೆ ಓಡಿಸ್ತಿದ್ದಾರೆ. ಇಪ್ಪತ್ತಮೂರು ವರ್ಷದಿಂದ ದಿನಾ ನಾಲ್ಕು ನಿಮಿಷ ತಡವಾಗಿ ಬರ್ತಿದ್ರಂತೆ. ಇಡೀ ರಸ್ತೆ ಅದಕ್ಕೇ ಹೊಂದಿಕೊಂಡಿತ್ತು. ಈಗ ಎಲ್ಲರಿಗೂ ಬಸ್ಸು ತಪ್ಪುತ್ತಿದೆ."

ನಾನು ಪೇಚಿಗೆ ಬಿದ್ದೆ. ಗಡಿಯಾರದವನಾಗಿ ಸಮಯಪಾಲನೆಯನ್ನು ಬಯ್ಯುವುದು ಹೇಗೆ? ಆದರೆ ಬೆಳಗಿನ ಬಾಗಿಲಿನ ಸುಂಯ್ ಎಂಬ ಸದ್ದು ಇನ್ನೂ ಕಿವಿಯಲ್ಲಿತ್ತು.

"ಕ್ಲಿನಿಕ್ಕಿಗೆ ನಡೀರಿ. ಬೀಗದ ಕೈ ಇಸ್ಕೊಂಡಿದಾನೆ, ಅಲ್ಲೇ ಇರ್ತಾನೆ," ಎಂದು ದವಡೆ ಎದ್ದಳು. "ಆ ಆಟದಲ್ಲಿ ನಾಲ್ಕು ಜನ ಆಡಬಹುದು. ಒಬ್ಬ ಡ್ರೈವರು, ಮೂವರು ಪ್ರಯಾಣಿಕರು. ಹತ್ತೋರು ನಾವಾದ್ರೆ ಏನು ಮಾಡ್ತಾನೋ ನೋಡೋಣ."

ಆನೆ ಅಲ್ಲೇ ಇದ್ದ. ನಾವು ಮೂವರೂ ಒಟ್ಟಿಗೆ ಒಳಗೆ ಬಂದದ್ದು ಕಂಡು ಅವನಿಗೆ ಏನೋ ವಾಸನೆ ಬಡಿಯಿತು. ಆದರೂ ಚಿನ್ನದ ನಕ್ಷತ್ರ ತೋರಿಸುವ ಆಸೆ ಹೆಚ್ಚಾಗಿತ್ತು. "ಬನ್ನಿ ಬನ್ನಿ, ಹತ್ತಿ. ಆದ್ರೆ ಆರೇ ಸೆಕೆಂಡು," ಎಂದ.

ಪರದೆಯ ಮೇಲೆ ದವಡೆಯ ಗೊಂಬೆ ಜಿಗಿದು ಹತ್ತಿತು. ನನ್ನದು ಎಡವುತ್ತ ಹತ್ತಿತು. ಅತ್ತಿಗೆ ಜನ್ಮದಲ್ಲೇ ಕಂಟ್ರೋಲರ್ ಹಿಡಿದವಳಲ್ಲ. ಅವಳ ಗೊಂಬೆ ಸ್ಟಾಪಿನ ಕಡೆ ಬೆನ್ನು ಹಾಕಿ ಓಡಿ, ಒಂದು ಗೋಡೆಗೆ ಹಣೆ ಒತ್ತಿಕೊಂಡು, ಅಲ್ಲೇ ಕಾಲಾಡಿಸುತ್ತ ನಿಂತಿತು.

"ರೀ, ನಾನು ಓಡ್ತಾನೇ ಇದೀನಿ. ಗೋಡೆ ಸರೀತಾ ಇಲ್ಲ."

"ತಿರುಗೇ! ಬಲಕ್ಕೆ ತಿರುಗು!" ಎಂದ ಆನೆ. ಐದು ಸೆಕೆಂಡು. ಆರು. ಅವನು ಹೆಬ್ಬೆರಳನ್ನು ಬಾಗಿಲಿನ ಗುಂಡಿಯ ಮೇಲಿಟ್ಟ.

"ಹೋಗೋದಾದ್ರೆ ಹೋಗಿ," ಎಂದಳು ಅತ್ತಿಗೆ, ಗೋಡೆಗೆ ಓಡುತ್ತಲೇ. "ನಾನು ನಡ್ಕೊಂಡು ಬರ್ತೀನಿ."

ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಆ ದನಿ ಯಾವುದೆಂದು ಗೊತ್ತು. ಅವನು ಬೆರಳು ತೆಗೆದ. ಮೈನಸ್ ಹತ್ತು. ಮೈನಸ್ ಹತ್ತು. ಒಳಗಿದ್ದ ಗೊಂಬೆ ಪ್ರಯಾಣಿಕರು ತಲೆಯ ಮೇಲೆ ಕೆಂಪು ಮುಖಗಳನ್ನು ತೇಲಿಬಿಟ್ಟರು. ಅತ್ತಿಗೆ ಗೋಡೆಯಿಂದ ಬಿಡಿಸಿಕೊಂಡು ಒಂದು ಪೊದೆಗೆ ನುಗ್ಗಿದಳು, ಪೊದೆಯಿಂದ ಹೊರಬಂದು ದೀಪದ ಕಂಬಕ್ಕೆ ಮೂರು ಸುತ್ತು ಹಾಕಿದಳು. ಆನೆಯ ಹಣೆಯಲ್ಲಿ ಬೆವರು. "ಆಯ್ತು, ಆಯ್ತು, ನಿಧಾನಕ್ಕೆ ಬಾ. ನಾನೆಲ್ಲೂ ಹೋಗಲ್ಲ," ಎನ್ನುತ್ತಿದ್ದ. ಚಿನ್ನದ ನಕ್ಷತ್ರ ಪರದೆಯಿಂದ ಕಳಚಿ ಬಿತ್ತು. ಹನ್ನೊಂದು ನಿಮಿಷ ಕಾದ ಮೇಲೆ ಆಟ ಅವನನ್ನು ಎರಡನೇ ಸಲ ಕೆಲಸದಿಂದ ತೆಗೆಯಿತು. ನನ್ನ ಮತ್ತು ದವಡೆಯ ಗೊಂಬೆಗಳನ್ನೂ ಬಸ್ಸಿನಿಂದ ಇಳಿಸಿ ಆಟದಿಂದ ಹೊರಹಾಕಿತು.

ಅತ್ತಿಗೆಯ ಗೊಂಬೆ ಮಾತ್ರ ಆಟದಲ್ಲೇ ಉಳಿಯಿತು. ಅದು ಕೊನೆಗೂ ಸ್ಟಾಪಿಗೆ ಬಂದು, ಹಿಂದೆಯೇ ಬಂದ ಇನ್ನೊಂದು ಬಸ್ಸನ್ನು ಹತ್ತಿತು.

"ಅದು ನಮ್ಮ ಬಸ್ಸಲ್ಲ ಕಣೇ, ಇಳಿ!" ಎಂದು ಆನೆ ಅರಚಿದ.

"ಇರ್ಲಿ ಬಿಡ್ರಿ, ಕಿಟಕಿ ಪಕ್ಕ ಸೀಟು ಸಿಕ್ಕಿದೆ."

ಆ ಬಸ್ಸು ನಾವು ಯಾರೂ ಕಾಣದ ಹಾದಿಯಲ್ಲಿ ಹೋಯಿತು. ಮೂರು ವಾರ ಓಡಿಸಿದರೂ ಆನೆ ತನ್ನ ರೂಟು ಬಿಟ್ಟು ಆಚೆ ಹೋಗಿರಲಿಲ್ಲ. ಊರು ಮುಗಿಯಿತು, ಗುಡ್ಡ ಬಂತು, ಕೊನೆಯ ಸ್ಟಾಪಿನಲ್ಲಿ ಒಂದು ಕೆರೆ. ಅತ್ತಿಗೆ ಇಳಿದು, ಯಾವ ಗುಂಡಿ ಒತ್ತಿದಳೋ ಏನೋ, ದಡದ ಕಲ್ಲುಬೆಂಚಿನ ಮೇಲೆ ಕೂತಳು. ಆ ಆಟದಲ್ಲಿ ಕೂರಲು ಬರುತ್ತದೆಂದೇ ದವಡೆಗೆ ಗೊತ್ತಿರಲಿಲ್ಲ. ನೀರಿನ ಮೇಲೆ ಎರಡು ಹಕ್ಕಿ ತೇಲುತ್ತಿದ್ದವು. ಅಂಕ ಏರಲೂ ಇಲ್ಲ, ಇಳಿಯಲೂ ಇಲ್ಲ. ನಾವು ನಾಲ್ವರೂ ಆ ಹಕ್ಕಿಗಳನ್ನೇ ನೋಡುತ್ತ ಕೂತೆವು.

"ನಾನೂ ಬರ್ತೀನಿ ಅಲ್ಲಿಗೆ," ಎಂದ ಆನೆ.

"ನಿನ್ನ ಕೆಲಸ ಹೋಗಿದೆ. ಪ್ರಯಾಣಿಕನಾಗಿ ಹೋಗ್ಬೇಕು," ಎಂದಳು ದವಡೆ.

ಅವನು ಹೊಸ ಗೊಂಬೆ ತೆಗೆದುಕೊಂಡು ಸ್ಟಾಪಿಗೆ ಓಡಿದ. ಕೆರೆಯ ಬಸ್ಸು ನಿಂತಿತ್ತು. ಇನ್ನೇನು ಕಾಲಿಡಬೇಕು, ಬಾಗಿಲು ಮುಚ್ಚಿತು. ಅವನು ಬೆಂಚಿನಿಂದ ಎದ್ದು ನಿಂತ. ಮುಂದಿನ ಬಸ್ಸಿಗೆ ಗೊಂಬೆಯನ್ನು ಮೊದಲೇ ತಂದು ನಿಲ್ಲಿಸಿದ. ಬಸ್ಸು ಎರಡು ಮಾರು ಮುಂದೆ ಹೋಗಿ ನಿಂತಿತು. ಅವನು ಓಡಿದ, ಬಾಗಿಲು ಮುಚ್ಚಿತು. ಮೂರನೇ ಸಲವೂ ಹಾಗೇ ಆದಾಗ ಆನೆ ಟಿವಿಯ ಮುಂದೆ ಹೋಗಿ ಎರಡೂ ಕೈ ಎತ್ತಿ, "ಏಯ್! ಕಣ್ಣು ಕಾಣಲ್ವೇನೋ ನಿನಗೆ? ಮನುಷ್ಯ ಓಡಿ ಬರ್ತಿರೋದು ಕಾಣ್ಸಲ್ವಾ? ಕನ್ನಡಿ ಯಾಕೆ ಇಟ್ಟಿದಾರೆ ನಿನಗೆ?" ಎಂದು ಕಿರುಚಿದ.

ಆನೆಯ ಕೈಗಳು ಮೆಲ್ಲಗೆ ಕೆಳಗಿಳಿದವು. ಅವನು ಬಂದು ನನ್ನ ಪಕ್ಕ ಕೂತ. ಬೆಂಚು ಕಿರ್ರೆಂದಿತು.

"ಬೆಳಿಗ್ಗೆ ನಿನ್ನ ಕೈಲಿ ಗೋಡೆ ಗಡಿಯಾರ ಇತ್ತಲ್ವಾ?"

"ಇತ್ತು."

"ಭಾರ ಇತ್ತಾ?"

"ಇತ್ತು."

"ಹೂಂ," ಎಂದು ತಲೆ ಕೆರೆದುಕೊಂಡ. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಅಮ್ಮಂದು ಎಲ್ಲಾ ಮೈನಸ್ ತೆಗೆದುಬಿಡ್ತೀನಿ," ಎಂದ.

"ಅವರು ನಿಮಗೆ ಕೊಟ್ಟಿರೋ ಮೈನಸ್ ಕೇಳಿ ಮೊದ್ಲು," ಎಂದಳು ಅತ್ತಿಗೆ, ಕೆರೆಯಿಂದ ಕಣ್ಣು ತೆಗೆಯದೆ.

ಶುಕ್ರವಾರ ಬೆಳಿಗ್ಗೆ ನಾನು ಬೇಕೆಂತಲೇ ನಿಧಾನವಾಗಿ ನಡೆದೆ. ಬಸ್ಸು ನಿಂತಿತ್ತು, ಬಾಗಿಲು ತೆರೆದಿತ್ತು. ನರ್ಸ್ ಹತ್ತಿದರು, ಗುಮಾಸ್ತರು ಹತ್ತಿದರು. ಆನೆ ಸೀಟಿನಿಂದ ಇಳಿದು ಬಂದು ಅಜ್ಜಿಯ ಕೋಲನ್ನು ತಾನೇ ಹಿಡಿದುಕೊಂಡ. ನನ್ನನ್ನು ನೋಡಿ, "ಕೈ ಬೀಸ್ಕೊಂಡು ಬರೋಕೂ ಇಷ್ಟು ಹೊತ್ತೇನೋ?" ಎಂದು ಬಸ್ಸಿಗೆಲ್ಲ ಕೇಳುವಂತೆ ಬಯ್ದ. ಡಿಪೋದವರು ಅವನಿಗೆ ಒಂದು ಎಚ್ಚರಿಕೆ ಪತ್ರ ಕೊಟ್ಟು ಸುಮ್ಮನಾದರು. ಅದಕ್ಕಾದರೂ ಬೇಸರ ಮಾಡಿಕೊಳ್ಳುತ್ತಾನೆಂದುಕೊಂಡರೆ, ಅವನು ಅದನ್ನು ಮಡಚಿ ಕಿಟಕಿ ಗಡಗಡ ಅನ್ನದಂತೆ ಸಂದಿಗೆ ಸಿಕ್ಕಿಸಿದ.

ಮುಂದಿನ ಗುರುವಾರ ಮೂವರೂ ಕ್ಲಿನಿಕ್ಕಿಗೆ ಹೋದರೆ ನಮಗೆ ಆಡಲು ಜಾಗವಿರಲಿಲ್ಲ. ಅತ್ತಿಗೆ ಶಾಲೆ ಮುಗಿಸಿ ಮೊದಲೇ ಬಂದು ಕೂತಿದ್ದಳು, ಪಕ್ಕದಲ್ಲಿ ಅತ್ತೆಯನ್ನೂ ಕೂರಿಸಿಕೊಂಡು. ಅತ್ತೆಯ ಗೊಂಬೆ ಕೆರೆಗೆ ಇಳಿದು, ಎರಡು ಹಕ್ಕಿಗಳ ನಡುವೆ, ಸೀರೆಯ ಸಮೇತ ಈಜುತ್ತಿತ್ತು.